ಇಳಿಜಾರು ಜಾಗದಲ್ಲಿ ಮರದ ಮನೆ ಕಟ್ಟಿಸುವವರು ಮುಂಗಡ ಕೊಡುವ ಮೊದಲು ಇದನ್ನು ಓದಿ

ಪಾಂಡವಪುರದಿಂದ ಮೇಲುಕೋಟೆಗೆ ಹೋಗುವ ಹಾದಿಯಲ್ಲಿ ನಮ್ಮದೊಂದು ಕಲ್ಲುಗುಡ್ಡದ ಜಮೀನಿದೆ. ಅಲ್ಲಿ ಒಂದು ಕೋಣೆ, ಒಂದು ಜಗುಲಿ ಇರುವ ಮರದ ಮನೆ ಕಟ್ಟಲು ಒಬ್ಬ ಕಂಟ್ರಾಕ್ಟರ್‌ಗೆ ಒಪ್ಪಿಸಿದ್ದೆವು. ಎರಡನೇ ಮಳೆಗಾಲಕ್ಕೇ ಮನೆ ತಗ್ಗಿನ ಕಡೆಗೆ ವಾಲಿತು.

ಆತ ಮೊದಲು ತಂದದ್ದೇ ಜೆಸಿಬಿ. ಮೇಲ್ಬದಿಯ ಮಣ್ಣು ಕಡಿದು ಕೆಳಬದಿಗೆ ತಳ್ಳಿ ನೆಲ ಮಟ್ಟ ಮಾಡಿದ. ಅಲ್ಲಿಗೆ ಅರ್ಧ ಮನೆ ಗಟ್ಟಿ ನೆಲದ ಮೇಲೆ, ಇನ್ನರ್ಧ ತುಂಬಿದ ಸಡಿಲ ಮಣ್ಣಿನ ಮೇಲೆ. ಗುಡ್ಡದಿಂದ ಇಳಿಯುವ ನೀರಿಗೆ ಚರಂಡಿಯೂ ಇಲ್ಲ. 2021ರ ಅಕ್ಟೋಬರ್ ಮಳೆಗೆ ಚಾಮುಂಡಿ ಬೆಟ್ಟದಲ್ಲಿ ನಂದಿಯ ಕಡೆಯ ರಸ್ತೆಯೇ ಕುಸಿದದ್ದನ್ನು ಮೈಸೂರಿನವರು ಕಂಡಿದ್ದೀರಿ. ರಸ್ತೆಯ ಪಾಡೇ ಹಾಗಾದರೆ, ನಿನ್ನೆ ಮೊನ್ನೆ ತುಂಬಿದ ಮಣ್ಣು ಎಷ್ಟು ತಡೆದೀತು?

ಅದಕ್ಕಿಂತ ಹೊಟ್ಟೆ ಉರಿದದ್ದು ಕಂಬಗಳನ್ನು ನೋಡಿ. ಮರವನ್ನು ನೇರ ಗುಂಡಿಗಿಳಿಸಿ ಸುತ್ತ ಕಾಂಕ್ರೀಟ್ ಸುರಿದಿದ್ದ. ಮರ ಒಣಗಿ ಕುಗ್ಗಿದಾಗ ಬಿಟ್ಟ ಸಂದಿನಲ್ಲಿ ಮಳೆನೀರು ನಿಂತುಬಿಟ್ಟಿತು. ಹೊರಗೆ ಪಾಲಿಶ್ ಹೊಳೆಯುತ್ತಲೇ ಇತ್ತು. ಬುಡಕ್ಕೆ ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಯವರೆಗೂ ಇಳಿಯಿತು. ಒಳಗೆಲ್ಲ ಗೆದ್ದಲಿನ ಮಣ್ಣು. ತೇಗ ಎಂದು ದುಡ್ಡು ಪಡೆದಿದ್ದ. ಹಲಗೆಯ ಮೇಲಿನ ಜಾಲರಿಯಂಥ ಗೆರೆ ತೋರಿಸಿ, ‘ಇದು ಸಿಲ್ವರ್ ಓಕ್ ಸ್ವಾಮಿ, ಕಾಫಿ ತೋಟದ್ದು’ ಎಂದರು ಮೈಸೂರಿನ ಬಡಗಿ. ಒಳಗಿನ ಪೀಠೋಪಕರಣಕ್ಕೆ ಆ ಮರ ಆಗುತ್ತದೆ, ಮಣ್ಣು ಮುಟ್ಟುವ ಕಂಬಕ್ಕೆ ಖಂಡಿತ ಆಗದು.

ದಯವಿಟ್ಟು ನಕ್ಷೆ ಕೈಗೆ ಬಂದಾಗಲೇ ನೋಡಿ. ಪಕ್ಕದಿಂದ ಸೀಳಿ ತೋರಿಸುವ ಸೆಕ್ಷನ್ ಚಿತ್ರ ಇರಲೇಬೇಕು, ಅದರಲ್ಲಿ ಈಗಿರುವ ನೆಲದ ಓರೆ ಇದ್ದ ಹಾಗೇ ಕಾಣಬೇಕು. ನಮಗೆ ಕೊಟ್ಟದ್ದರಲ್ಲಿ ನೆಲ ಸ್ಕೇಲಿಟ್ಟು ಎಳೆದ ಗೆರೆ! ಗುಡ್ಡ ಕಡಿಯುವುದೇ ಬೇಡ. ಉದ್ದ ಗಿಡ್ಡ ಕಂಬಗಳ ಮೇಲೆ ಮನೆ ನಿಲ್ಲಲಿ, ನೀರು ಅಡಿಯಿಂದ ಹರಿದುಹೋಗಲಿ. ಪ್ರತಿ ಗುಂಡಿಯೂ ಗಟ್ಟಿ ನೆಲ ಅಥವಾ ಬಂಡೆ ಸಿಗುವವರೆಗೆ ಹೋಗಬೇಕು. ಕಾಂಕ್ರೀಟ್ ಪೀಠ ನೆಲದಿಂದ ಅರ್ಧ ಅಡಿಯಾದರೂ ಮೇಲಿರಲಿ, ಅದರ ಮೇಲೆ ಕಂಬದ ಬುಡ ಹಿಡಿದುಕೊಳ್ಳುವ ಕಬ್ಬಿಣದ ಶೂ, ಆಮೇಲೆ ಮರ. ತಗ್ಗಿನ ಕಡೆಯ ಉದ್ದ ಕಂಬಗಳು ಗಾಳಿಗೆ ಅಲುಗುತ್ತವೆ, ಅವುಗಳ ನಡುವೆ ಓರೆ ಆಸರೆ ಕೊಡಿಸಿ. ಮೇಲ್ಬದಿಯಲ್ಲಿ ನೀರನ್ನು ಎರಡೂ ಪಕ್ಕಕ್ಕೆ ತಿರುಗಿಸುವ ಚರಂಡಿ ಬೇಕು. ನೆಲಹಲಗೆಯ ಕೆಳಗೆ ಮನುಷ್ಯ ತೂರಿ ಗೆದ್ದಲು ನೋಡುವಷ್ಟು ಜಾಗ ಬಿಡಿಸಿ.

ಬಿಲ್ಲಿನಲ್ಲಿ ಬರೀ ‘ಮರ’ ಎಂದಿದ್ದರೆ ಒಪ್ಪಬೇಡಿ, ಜಾತಿಯ ಹೆಸರು ಬರೆಸಿ. ಅನುಮಾನ ಬಂದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ, ತುಂಡು ಕೊಟ್ಟರೆ ಯಾವ ಮರವೆಂದು ಪರೀಕ್ಷಿಸುತ್ತಾರೆ. ಕೊನೆಯ ಕಂತನ್ನು ಒಂದು ಮಳೆಗಾಲ ಕಳೆದ ಮೇಲೆ ಕೊಡುವುದಾಗಿ ಕರಾರಿನಲ್ಲೇ ಬರೆಸಿಕೊಳ್ಳಿ. ಅದಕ್ಕೆ ಒಪ್ಪದವರಿಗೆ ಕೆಲಸ ಕೊಡಬೇಡಿ.