ಕಿರುಚಿತ್ರಕ್ಕೆ ವಂತಿಗೆ: ಜಾಲತಾಣವೋ, ರಶೀದಿ ಪುಸ್ತಕವೋ?

ಎರಡು ಲಕ್ಷ ರೂಪಾಯಿಯೊಳಗೆ ಮೊದಲ ಕಿರುಚಿತ್ರ ಮುಗಿಸಬೇಕು, ಅದರ ಕಾಲು ಭಾಗವೂ ಕೈಯಲ್ಲಿಲ್ಲ, ಊರು ಉತ್ತರ ಕನ್ನಡ. ನಿಮ್ಮ ಸ್ಥಿತಿ ಹೀಗಿದ್ದರೆ ನನ್ನ ಮತ ರಶೀದಿ ಪುಸ್ತಕಕ್ಕೆ. ಜಾಲತಾಣದ ಅಭಿಯಾನ, ಸ್ವಂತ ಪಾವತಿ ಪುಟ, ಸಹಾಯಾರ್ಥ ತಾಳಮದ್ದಳೆ, ಕೊನೆಗೆ ರಶೀದಿ ಪುಸ್ತಕ, ಎಲ್ಲವನ್ನೂ ಒಂದೇ ಚಿತ್ರಕ್ಕಾಗಿ ಮಾಡಿಯೋ ವಿಚಾರಿಸಿಯೋ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ನಮ್ಮದು ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ ದುಡಿಯುವ ತಾಯಿ ಮಗಳ ಕತೆ, 18 ನಿಮಿಷದ್ದು. ಅಂದಾಜು ಖರ್ಚು 1,80,000 ರೂಪಾಯಿ. ಕ್ಯಾಮೆರಾ, ಲೆನ್ಸು, ದೀಪಗಳ ಬಾಡಿಗೆ ಮತ್ತು ಧ್ವನಿ ಗ್ರಹಣಕ್ಕೇ ಇದರ ಅರ್ಧಕ್ಕಿಂತ ಹೆಚ್ಚು ಬೇಕಿತ್ತು. ಆಗರದ ಕೆಲಸ ಬೇಸಿಗೆಯದ್ದು. ಬಿಸಿಲು ಗಟ್ಟಿಯಾದಾಗ ಉಪ್ಪು ಕೂಡುತ್ತದೆ, ಮಳೆ ಬಿದ್ದರೆ ಕರಗುತ್ತದೆ. ಆದ್ದರಿಂದ ನಮಗೆ ಹಣದ ಮೊತ್ತದಷ್ಟೇ ಅದು ಕೈಗೆ ಬರುವ ದಿನವೂ ಮುಖ್ಯವಾಗಿತ್ತು. ಈ ಹೋಲಿಕೆಯನ್ನು ಓದುವಾಗ ಅದು ನೆನಪಿರಲಿ.

ಮೊದಲು ಜಾಲತಾಣ. ಜನರಿಂದ ಹಣ ಕೂಡಿಸಿಕೊಡುವ ತಾಣಗಳಲ್ಲಿ ಅಮೆರಿಕದ ಕಿಕ್‌ಸ್ಟಾರ್ಟರ್ ಹೆಸರು ಎಲ್ಲರಿಗೂ ಗೊತ್ತು, ಆದರೆ ಭಾರತದಲ್ಲಿರುವವರು ಅಲ್ಲಿ ಅಭಿಯಾನ ಆರಂಭಿಸುವಂತಿಲ್ಲ. ನಮ್ಮ ದೇಶದ್ದೇ ಒಂದು ತಾಣವನ್ನು ಆರಿಸಿಕೊಂಡೆವು. ಪುಟ ಚೆಂದವಾಗಿ ಬಂತು. ಬೆಂಗಳೂರು, ಪುಣೆಯ ಗೆಳೆಯರು ಮೊದಲ ವಾರದಲ್ಲೇ ಹಣ ಹಾಕಿದರು. ಮುಗಿಯುವ ಹೊತ್ತಿಗೆ 62,000 ರೂಪಾಯಿ ಕೂಡಿತ್ತು. ತಾಣದ ಪಾಲು ಶೇ 5, ಪಾವತಿ ಶುಲ್ಕ ಸುಮಾರು ಶೇ 3, ಇವೆರಡರ ಮೇಲೆ ಶೇ 18 ಜಿಎಸ್‌ಟಿ. ಒಟ್ಟು 5,800 ರೂಪಾಯಿಯಷ್ಟು ಅಲ್ಲೇ ಉಳಿಯಿತು. ಆ ಹಣದಲ್ಲಿ ಧ್ವನಿ ಗ್ರಾಹಕರ ಒಂದು ದಿನದ ಸಂಭಾವನೆ ಆಗುತ್ತಿತ್ತು. ಅಷ್ಟಾದರೂ ಶುಲ್ಕದ ಬಗ್ಗೆ ನನ್ನ ತಕರಾರಿಲ್ಲ, ಮೊದಲೇ ಹೇಳಿದ್ದರು.

ತಕರಾರಿರುವುದು ಹೆಸರಿನ ವಿಷಯದಲ್ಲಿ. ನಮ್ಮ ಕಡೆಯವರ ಹೆಸರಿನ ಕತೆ ನಿಮಗೂ ಗೊತ್ತಿರುತ್ತದೆ. ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರಿನ ಒಂದು ಅಕ್ಷರ, ಬ್ಯಾಂಕಿನ ಪಾಸ್‌ಬುಕ್‌ನಲ್ಲಿ ಎರಡು ಅಕ್ಷರ ಮತ್ತು ಅಡ್ಡಹೆಸರು, ಆಧಾರಿನಲ್ಲಿ ಬರೀ ಹೆಸರು. ಪ್ಯಾನ್ ಕಾರ್ಡಿಗೆ ಅರ್ಜಿ ಹಾಕುವಾಗ ಮೊದಲಕ್ಷರ ಬರೆಯಲು ಬಿಡುವುದಿಲ್ಲ, ಎಲ್ಲವನ್ನೂ ಬಿಡಿಸಿ ಬರೆಯಬೇಕು. ಹಾಗಾಗಿ ನನ್ನ ಪ್ಯಾನ್‌ನಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಉದ್ದಕ್ಕೆ ಇವೆ. ತಾಣದ ಯಂತ್ರ ಪ್ಯಾನ್ ಮತ್ತು ಬ್ಯಾಂಕ್ ಖಾತೆಯ ಹೆಸರನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿತು, ಹೊಂದಲಿಲ್ಲ ಎಂದಿತು, ಹಣ ತಡೆಹಿಡಿಯಿತು. ಹಣ ಕೊಡುವವರಿಂದ ಪಡೆಯುವಾಗ ಯಾವ ಪರಿಶೀಲನೆಯೂ ಇರಲಿಲ್ಲ. ನಮಗೆ ಬಿಡುಗಡೆ ಮಾಡುವಾಗ ಮಾತ್ರ ಈ ಬಾಗಿಲು ಅಡ್ಡ ಬಂತು.

ಬೇರೆ ಖಾತೆ ಕೊಡೋಣವೆಂದರೆ, ನನ್ನ ಇನ್ನೊಂದು ಖಾತೆ ಇರುವುದು ಊರಿನ ಪತ್ತಿನ ಸಹಕಾರಿ ಸಂಘದಲ್ಲಿ. ಪತ್ತಿನ ಸಂಘ ಬ್ಯಾಂಕಲ್ಲ, ಅದಕ್ಕೆ ಐಎಫ್‌ಎಸ್‌ಸಿ ಸಂಖ್ಯೆ ಇಲ್ಲ, ಆ ಸಂಖ್ಯೆ ಇಲ್ಲದೆ ತಾಣದ ನಮೂನೆ ಮುಂದಕ್ಕೇ ಹೋಗುವುದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಎಷ್ಟೋ ಮನೆಗಳ ಉಳಿತಾಯ, ಸಾಲ, ಅಡಿಕೆ ಮಾರಿದ ಹಣ ಎಲ್ಲವೂ ಸೊಸೈಟಿಯಲ್ಲೇ ಇರುತ್ತದೆ. ಆ ನಮೂನೆ ತಯಾರಿಸಿದವರ ಕಣ್ಣಿಗೆ ಇಂಥ ಊರುಗಳು ಬಿದ್ದೇ ಇಲ್ಲ.

ಬ್ಯಾಂಕಿನಲ್ಲಿ ಹೆಸರು ತಿದ್ದಿಸಲು ಹೋದರೆ ಖಾತೆ ತೆರೆದ ಶಾಖೆಗೇ ಹೋಗಬೇಕು, ಎರಡೂ ಹೆಸರು ಒಬ್ಬನದೇ ಎಂಬ ಪ್ರಮಾಣಪತ್ರ ಬೇಕು. ಅದನ್ನು ನೋಟರಿಯಿಂದ ಮಾಡಿಸಿ ಕೊಟ್ಟೆ. ಬ್ಯಾಂಕ್ ತಿದ್ದಿತು. ತಾಣದವರ ಕಡತದಲ್ಲಿ ಹಳೆಯ ಹೆಸರೇ ಕೂತಿತ್ತು. ಸಹಾಯವಾಣಿಗೆ ಬರೆದ ಪ್ರತಿ ಪತ್ರಕ್ಕೂ ಇಂಗ್ಲಿಷಿನ ಅದೇ ಒಂದು ವಾಕ್ಯ ಉತ್ತರವಾಗಿ ಬರುತ್ತಿತ್ತು: ನಿಮ್ಮ ಕೋರಿಕೆ ಪರಿಶೀಲನೆಯಲ್ಲಿದೆ. ಏಪ್ರಿಲ್ ಕಳೆಯಿತು. ಪರದೆಯ ಮೇಲೆ 62,000 ಎಂಬ ಅಂಕಿ ಹಸಿರು ಬಣ್ಣದಲ್ಲಿ ಹೊಳೆಯುತ್ತಲೇ ಇತ್ತು. ಕ್ಯಾಮೆರಾದ ಬಾಡಿಗೆಯವರು ಮುಂಗಡ ಕೇಳುತ್ತಿದ್ದರು, ಮಧ್ಯಾಹ್ನವಾದರೆ ಘಟ್ಟದ ಮೇಲೆ ಮೋಡ ಕಟ್ಟುತ್ತಿತ್ತು. ಆ ಹಣ ನಮ್ಮ ಕೈಗೆ ಬಂದದ್ದು ಜೂನ್‌ನಲ್ಲಿ, ಆಗರದಲ್ಲಿ ಮಳೆನೀರು ನಿಂತ ಮೇಲೆ.

ಇನ್ನೊಂದು ಸಂಗತಿ ಹಣ ಕೊಡುವವರಿಗೆ ಸಂಬಂಧಿಸಿದ್ದು. ಸಿದ್ದಾಪುರದ ನಮ್ಮ ಅತ್ತೆ ಐನೂರು ರೂಪಾಯಿ ಕೊಡಲು ಮೊಬೈಲ್ ಹಿಡಿದು ಕೂತರು. ಮೊತ್ತ ಬರೆದ ಕೂಡಲೇ ತಾಣ ತನ್ನ ಟಿಪ್ ಎಂದು ಶೇ 12ನ್ನು ತಾನಾಗಿಯೇ ಸೇರಿಸಿತು. ಅದನ್ನು ತೆಗೆಯಬೇಕಾದರೆ ಪಟ್ಟಿ ತೆರೆದು, ಕಡೆಯ ಸಾಲಿಗೆ ಹೋಗಿ, ‘ಇತರೆ’ ಎಂಬುದನ್ನು ಒತ್ತಿ, ಸೊನ್ನೆ ಬರೆಯಬೇಕು. ಅತ್ತೆಗೆ ಅದು ಕಾಣಲಿಲ್ಲ. ಸಂಜೆ ಫೋನ್ ಮಾಡಿದರು. ‘ತಮ್ಮಾ, ನಾನು ಐನೂರು ಬರೆದೆ, ಐನೂರ ಅರವತ್ತು ಹೋಗಿದೆ. ಈ ಅರವತ್ತು ಯಾರಿಗೆ?’ ನನ್ನ ಚಿತ್ರಕ್ಕೆಂದು ಕೊಟ್ಟವರು ನನ್ನನ್ನೇ ಲೆಕ್ಕ ಕೇಳುತ್ತಾರೆ, ಕೇಳಬೇಕಾದದ್ದೂ ಹಾಗೆಯೇ. ಉತ್ತರ ಮಾತ್ರ ನನ್ನ ಬಳಿ ಇರಲಿಲ್ಲ. ಹಿರಿಯರ ಹಣವನ್ನು ಆ ಪುಟದ ಮೂಲಕ ಪಡೆಯಲು ಅವತ್ತಿನಿಂದ ಮನಸ್ಸು ಬರಲಿಲ್ಲ.

ಸ್ವಂತ ಪಾವತಿ ಪುಟದ, ಅಂದರೆ ಪಾವತಿ ಸಂಸ್ಥೆಯೊಂದರ ಮೂಲಕ ನಾವೇ ತೆರೆಯುವ ಪುಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಾವತಿ ಸಂಸ್ಥೆಗಳು ಸಾಮಾನ್ಯವಾಗಿ ಶೇ 2 ಮತ್ತು ಜಿಎಸ್‌ಟಿ ತೆಗೆದುಕೊಳ್ಳುತ್ತವೆ, ಹಣ ಬೇಗ ಬರುತ್ತದೆ. ವ್ಯವಹಾರದ ದಾಖಲೆ ಇರುವವರಿಗೆ ಒಳ್ಳೆಯದು. ಅಂಗಡಿಯೂ ಇಲ್ಲದ, ಕಂಪನಿಯೂ ಇಲ್ಲದ ನನ್ನಂಥವರಿಗೆ ಯುಪಿಐ ಇರುವಾಗ ಇದರ ಅಗತ್ಯ ಕಾಣಲಿಲ್ಲ.

ಸಹಾಯಾರ್ಥ ಯಕ್ಷಗಾನ ನಮ್ಮ ಜಿಲ್ಲೆಯ ಹಳೆಯ ಪದ್ಧತಿ. ಶಾಲೆಯ ಕಟ್ಟಡಕ್ಕೆ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಆಟ ಆಡಿಸಿ ಹಣ ಎತ್ತಿದವರಿದ್ದಾರೆ. ಮೇಳ ಕರೆಸಿ ಆಟ ಆಡಿಸುವ ಖರ್ಚು ನಮ್ಮ ಇಡೀ ಚಿತ್ರದ ಖರ್ಚನ್ನು ಮೀರುವಂತಿತ್ತು. ವೇಷಭೂಷಣ ಬೇಡದ ತಾಳಮದ್ದಳೆಗೆ ಊರಿನ ಅರ್ಥಧಾರಿಗಳು ಒಪ್ಪಿದರು. ಬಯಲಿನಲ್ಲಿ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲವಾದ್ದರಿಂದ ಸಂಜೆಯೇ ಆರಂಭಿಸಿ ಕಾಲಮಿತಿಯಲ್ಲಿ ಮುಗಿಸಿದೆವು. ಜನ ಬಂದರು, ಭಾಗವತರ ಪದ್ಯಗಳು ಮನಸ್ಸು ತುಂಬಿದವು. ಶಾಮಿಯಾನ, ಮೈಕು, ಚಹಾ ಅವಲಕ್ಕಿ ಕಳೆದು ಉಳಿದದ್ದು 9,000 ರೂಪಾಯಿ. ಶ್ರಮಕ್ಕೆ ತಕ್ಕ ಹಣವಲ್ಲ. ಆದರೆ ಅಲ್ಲಿಯೇ ಕಲಾಸಂಘದ ಕಾರ್ಯದರ್ಶಿಗಳಾದ ಮಾಸ್ತರು, ‘ಸಂಘದ ರಶೀದಿ ಪುಸ್ತಕ ಒಂದಿದೆ, ಅದರಲ್ಲೇ ಎತ್ತೋಣ’ ಎಂದರು.

ಆ ಪುಸ್ತಕದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸಂಘ ನೋಂದಾಯಿತವಾದದ್ದು. ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಅದಕ್ಕೆ ಖಾತೆ ಇದೆ, ಹಣ ತೆಗೆಯಲು ಇಬ್ಬರ ಸಹಿ ಬೇಕು. ರಶೀದಿಯ ಹಿಂದೆ ಸಂಘದ ಕ್ಯೂಆರ್ ಸಂಕೇತ ಅಂಟಿಸಿದೆವು. ನಗದು ಕೊಟ್ಟರೂ ಸರಿ, ಮೊಬೈಲಿನಿಂದ ಕೊಟ್ಟರೂ ಸರಿ, ಕಾರ್ಬನ್ ಹಾಳೆ ಇಟ್ಟು ರಶೀದಿ ಬರೆಯುವುದು ತಪ್ಪುವುದಿಲ್ಲ. ಶುಲ್ಕ ಇಲ್ಲ, ತಡೆ ಇಲ್ಲ. ಬೆಳಿಗ್ಗೆ ಬಂದ ಹಣದಲ್ಲಿ ಮರುದಿನವೇ ಹುಬ್ಬಳ್ಳಿಗೆ ಕ್ಯಾಮೆರಾದ ಮುಂಗಡ ಕಳಿಸಿದೆವು.

ಸಂಘದ ಹೆಸರಿನಲ್ಲೇ ಎತ್ತಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ನೆಂಟರಲ್ಲದವರಿಂದ ಒಂದು ಹಣಕಾಸು ವರ್ಷದಲ್ಲಿ ಪ್ರತಿಫಲವಿಲ್ಲದೆ ಒಬ್ಬ ವ್ಯಕ್ತಿಗೆ ಬಂದ ಹಣ ಒಟ್ಟು 50,000 ರೂಪಾಯಿ ದಾಟಿದರೆ, ದಾಟಿದ ಭಾಗಕ್ಕಷ್ಟೇ ಅಲ್ಲ, ಪೂರ್ತಿ ಮೊತ್ತಕ್ಕೇ ಆದಾಯ ತೆರಿಗೆಯ ಲೆಕ್ಕ ಹತ್ತುತ್ತದೆ. ಸ್ವಂತ ಖಾತೆಗಾಗಲಿ, ಸಂಘದ ಖಾತೆಗಾಗಲಿ ವಂತಿಗೆ ಪಡೆಯುವ ಮೊದಲು ಲೆಕ್ಕಪರಿಶೋಧಕರನ್ನು ಕೇಳಿ. ವಿದೇಶದ ನೆಂಟರ ಹಣಕ್ಕೂ ನಿಯಮವಿದೆ. ಭಾರತದ ಪೌರರಾಗಿಯೇ ಉಳಿದು ದುಬೈನಲ್ಲಿ ದುಡಿಯುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ವಂತಿಗೆ ಅಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೆ ಅದು ವಿದೇಶಿ ವಂತಿಗೆ, ಸರ್ಕಾರದ ಅನುಮತಿಯಿಲ್ಲದೆ ಸಂಘ ಅದನ್ನು ಪಡೆಯುವಂತಿಲ್ಲ. ಅಂಥ ಒಬ್ಬರ ಹಣವನ್ನು ವಿನಯದಿಂದಲೇ ಬೇಡವೆಂದೆವು.

ನನಗೆ ಈ ಪುಸ್ತಕ ಅಚ್ಚುಮೆಚ್ಚಾದದ್ದು ಮಾತ್ರ ಕೊಟ್ಟದ್ದು ಏನೆಂದು ಬರೆಯುವ ‘ಬಾಬ್ತು’ ಎಂಬ ಸಾಲಿನಿಂದ. ಜಾಲತಾಣಕ್ಕೆ ಹಣವೊಂದೇ ಗೊತ್ತು. ನಮ್ಮ ಜನರ ಬಳಿ ಹಣಕ್ಕಿಂತ ಹೆಚ್ಚಾಗಿ ವಸ್ತುಗಳಿವೆ, ಕೊಡುವ ಮನಸ್ಸಿದೆ. ಮಾಸ್ತರರು ಅದನ್ನೂ ರಶೀದಿ ಹರಿದು ಬರೆದರು. ಒಂದರಲ್ಲಿ ‘14 ಜನರಿಗೆ ಮಧ್ಯಾಹ್ನದ ಊಟ, ಎರಡು ದಿನ’. ಇನ್ನೊಂದರಲ್ಲಿ ‘ಜೀಪು ಒಂದು ದಿನ, ಡೀಸೆಲ್ ಚಿತ್ರತಂಡದ್ದು’. ‘ಬಾಳೆಗೊನೆ 2’. ‘ಮಲಗಲು ಜಗಲಿ, ಚಾಪೆ’. ತದಡಿಯ ದೋಣಿಯವರೊಬ್ಬರು ಬೆಳಗಿನ ಎರಡು ತಾಸು ದೋಣಿ ಬಿಟ್ಟುಕೊಟ್ಟರು, ಅದಕ್ಕೂ ರಶೀದಿ ಉಂಟು. ಪೇಟೆಯಲ್ಲಿ ಇವಕ್ಕೆಲ್ಲ ದುಡ್ಡು ತೆತ್ತಿದ್ದರೆ 40,000 ರೂಪಾಯಿಗೆ ಕಡಿಮೆಯಾಗುತ್ತಿರಲಿಲ್ಲ. ಅಂದಾಜಿನಲ್ಲಿ ಊಟ, ವಸತಿ, ಓಡಾಟ ಎಂದು ಬರೆದಿದ್ದ ಸಾಲುಗಳನ್ನು ಒಂದೊಂದಾಗಿ ಹೊಡೆದು ಹಾಕಿದೆವು. ಇದಲ್ಲದೆ ರಶೀದಿಯಿಂದ ಬಂದ ಹಣ 71,000.

1976ರ ‘ಮಂಥನ್’ ಚಿತ್ರಕ್ಕೆ ಗುಜರಾತಿನ 5 ಲಕ್ಷ ಹೈನುಗಾರರು ತಲಾ 2 ರೂಪಾಯಿ ಕೊಟ್ಟಿದ್ದರು. ಕನ್ನಡದಲ್ಲಿ ಎಲ್ಲರೂ ನೆನೆಯುವುದು 2013ರ ‘ಲೂಸಿಯಾ’ವನ್ನು. ಪವನ್ ಕುಮಾರ್ ತಮ್ಮ ಬ್ಲಾಗಿನಲ್ಲಿ ಕರೆ ಕೊಟ್ಟು, ನೂರಕ್ಕೂ ಹೆಚ್ಚು ಜನರಿಂದ ಸುಮಾರು ಅರ್ಧ ಕೋಟಿ ರೂಪಾಯಿ ಕೂಡಿಸಿದ್ದರು. ಆದರೆ ಅದು ಪೂರ್ಣಪ್ರಮಾಣದ ಚಿತ್ರ. ಚಿತ್ರಮಂದಿರ, ಪ್ರಸಾರದ ಹಕ್ಕು ಎಂದು ಅದಕ್ಕೆ ಮಾರುಕಟ್ಟೆ ಇತ್ತು. ಕಿರುಚಿತ್ರಕ್ಕೆ ಅದು ಇಲ್ಲ. ಇದನ್ನು ಕರಾವಳಿಯಲ್ಲಿ ಬಿಡಿಸಿ ಹೇಳಲೇಬೇಕಾಯಿತು, ಏಕೆಂದರೆ ರಾಂಪಣಿ ಬಲೆ ಎಳೆದವರಿಗೆಲ್ಲ ಮೀನಿನಲ್ಲಿ ಪಾಲು ಸಲ್ಲುವ ಊರುಗಳಿವು. ‘ನಮ್ಮ ಪಾಲು ಎಷ್ಟು?’ ಎಂದು ಅಲ್ಲಿ ಕೇಳುವುದು ಸಹಜ. ಪಾಲಿಲ್ಲ, ಇದು ವಂತಿಗೆ ಎಂದು ರಶೀದಿಯ ಮೇಲೇ ಬರೆದೆವು. ಮರಳಿ ಕೊಡುವ ಮಾತಿನ ಮೇಲೆ, ಲಾಭದ ಆಸೆ ತೋರಿಸಿ ಊರಿನವರಿಂದ ಹಣ ಎತ್ತಿದರೆ ಕಾನೂನಿನ ತೊಡಕಿಗೆ ಸಿಕ್ಕಿಬೀಳುತ್ತೀರಿ.

ರಶೀದಿ ಪುಸ್ತಕಕ್ಕೂ ತೊಂದರೆಗಳಿವೆ. ಕೊಟ್ಟವರು ಸಲಹೆಯನ್ನೂ ಕೊಡುತ್ತಾರೆ, ‘ನಮ್ಮ ಹುಡುಗನಿಗೊಂದು ಪಾತ್ರವಿರಲಿ’ ಎನ್ನುತ್ತಾರೆ. ಕತೆ ಬದಲಾಗುವುದಿಲ್ಲ ಎಂದು ಮೊದಲ ಭೇಟಿಯಲ್ಲೇ ಹೇಳಿಬಿಡಬೇಕು. ಮನೆಯ ಹೆಂಗಸರು ತಮ್ಮ ಕೈಯಿಂದ ಕೊಟ್ಟ ಹಣಕ್ಕೂ ಯಜಮಾನರ ಹೆಸರಿನಲ್ಲಿ ರಶೀದಿ ಬರೆಯುವ ರೂಢಿ ಇನ್ನೊಂದು. ನಮ್ಮದು ತಾಯಿ ಮಗಳ ದುಡಿಮೆಯ ಕತೆ. ಅದರ ಕೊನೆಯಲ್ಲಿ ಬರುವ ಪಟ್ಟಿಯಲ್ಲಿ ಕೊಟ್ಟವರದೇ ಹೆಸರು ಇರಬೇಕೆಂದು ನಾನು ಹಟ ಹಿಡಿದೆ. ಮಾಸ್ತರರು ಮರುಮಾತಿಲ್ಲದೆ ಒಪ್ಪಿದರು.

ಕಾಲವನ್ನು ನೋಡಿ ಹೊರಡಿ. ಘಟ್ಟದ ಮೇಲೆ ಅಡಿಕೆ ಕೊಯ್ಲು ಮುಗಿದು ಮಾರಾಟ ಶುರುವಾದ ಮೇಲೆ, ಅಂದರೆ ಫೆಬ್ರುವರಿ, ಮಾರ್ಚ್‌ನಲ್ಲಿ ಕೈ ಸಡಿಲವಿರುತ್ತದೆ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಅದೇ ಹೊತ್ತಿಗೆ ಬರುತ್ತದೆ, ಆ ವಾರಗಳಲ್ಲಿ ಯಾರನ್ನೂ ಕೇಳಬೇಡಿ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಆಗ ಕೇಳುವುದು ಸರಿಯಲ್ಲ. ಕಾರವಾರ, ಕೈಗಾ ಕಡೆಯ ಸಂಬಳದಾರರನ್ನು ಕೇಳಲು ತಿಂಗಳ ಮೊದಲ ವಾರ ಒಳ್ಳೆಯದು.

ಬೆಂಗಳೂರಿನಲ್ಲಿದ್ದು, ಸಾವಿರಾರು ಜನ ನಿಮ್ಮನ್ನು ಜಾಲತಾಣಗಳಲ್ಲಿ ಹಿಂಬಾಲಿಸುತ್ತಿದ್ದು, ಐದು ಲಕ್ಷದ ಮೇಲಿನ ಯೋಜನೆ ಇದ್ದರೆ ಅಭಿಯಾನದ ತಾಣ ನಿಮಗೆ ಒಗ್ಗಬಹುದು. ಹಾಗಿದ್ದರೆ ಪುಟ ತೆರೆಯುವ ಮೊದಲೇ ಪ್ಯಾನ್, ಆಧಾರ್, ಪಾಸ್‌ಬುಕ್ ಮೂರನ್ನೂ ಒಂದೇ ಮೇಜಿನ ಮೇಲಿಟ್ಟು ಹೆಸರು ಓದಿ ನೋಡಿ. ನನಗೆ ಮನೆಮನೆಗೆ ಹೋಗಿ ಕೂತು ಮಾತಾಡುವುದು ಅಭ್ಯಾಸ, ಬಜೆಟ್ಟು ಎರಡು ಲಕ್ಷದೊಳಗಿನದು. ಮುಂದಿನ ಚಿತ್ರಕ್ಕೆ ಇನ್ನೊಂದು ರಶೀದಿ ಪುಸ್ತಕ ಅಚ್ಚಿಗೆ ಕೊಟ್ಟಾಗಿದೆ. ಈ ಬಾರಿ ಬಾಬ್ತಿನ ಸಾಲನ್ನು ಅಗಲ ಮಾಡಿಸಿದ್ದೇವೆ, ಕೊಟ್ಟವರ ಸ್ವಂತ ಹೆಸರಿಗೆ ಬೇರೆ ಸಾಲು ಇಡಿಸಿದ್ದೇವೆ.