‘ಆರ್ಥೋಪೆಡಿಕ್’ ಚೀಟಿ ನಂಬಿ ಸೊಂಟ ಕೆಡಿಸಿಕೊಂಡೆ

ಹಾಸಿಗೆಯ ಮೂಲೆಯಲ್ಲಿ ಅಂಗೈಯಗಲದ ನೀಲಿ ಚೀಟಿಯೊಂದನ್ನು ಹೊಲಿದಿದ್ದರು. ಅದರಲ್ಲಿ ಒಂದು ಬೆನ್ನುಮೂಳೆಯ ಚಿತ್ರ, ಕೆಳಗೆ ‘ಆರ್ಥೋಪೆಡಿಕ್’ ಎಂಬ ದಪ್ಪಕ್ಷರ. ನಾನು ಕೊಂಡದ್ದು ಹಾಸಿಗೆಯನ್ನಲ್ಲ, ಆ ಚೀಟಿಯನ್ನು. ಅದರ ಫಲವನ್ನು ಐದು ತಿಂಗಳು ಉಂಡಿದ್ದೇನೆ. ಸೊಂಟನೋವಿಗೆ ಹೊಸ ಹಾಸಿಗೆ ಹುಡುಕುತ್ತಿರುವವರು ದುಡ್ಡು ಕೊಡುವ ಮೊದಲು ಇದನ್ನು ಓದಿ.

ನನ್ನ ಹಳೆಯ ಹಾಸಿಗೆಯ ನಡುವೆ ಗುಂಡಿ ಬಿದ್ದಿತ್ತು. ಬೆಳಿಗ್ಗೆ ಏಳುವಾಗ ಮಂಚದ ಅಂಚು ಹಿಡಿದು, ಮಗ್ಗುಲಾಗಿ, ಉಸಿರು ಬಿಗಿಹಿಡಿದು ಏಳಬೇಕಿತ್ತು. ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: ಸೊಂಟನೋವಿಗೆ ಗಟ್ಟಿ ಹಾಸಿಗೆಯೇ ಮದ್ದು. ಅಂಗಡಿಯ ಹುಡುಗ ಹಾಸಿಗೆಗೆ ಮುಷ್ಟಿಯಿಂದ ಗುದ್ದಿ ತೋರಿಸಿದ, ‘ನೋಡಿ ಸರ್, ಒಂದಿಷ್ಟೂ ತಗ್ಗುವುದಿಲ್ಲ. ಡಾಕ್ಟರುಗಳೇ ಇದನ್ನು ಹೇಳುತ್ತಾರೆ.’ ಯಾವ ಡಾಕ್ಟರು ಎಂದು ನಾನು ಕೇಳಲಿಲ್ಲ. ನಾಲ್ಕು ಜನ ನೋಡುತ್ತಿದ್ದಾರೆಂಬ ಸಂಕೋಚದಲ್ಲಿ, ಬೂಟುಗಾಲನ್ನು ಹೊರಗೆ ಇಳಿಬಿಟ್ಟುಕೊಂಡು ಒಂದು ನಿಮಿಷ ಅಂಗಾತ ಮಲಗಿ ಎದ್ದೆ. ಮನೆಯಲ್ಲಿ ನಾನು ಅಂಗಾತ ಮಲಗುವವನೇ ಅಲ್ಲ.

ಮೊದಲ ವಾರ ಹಾಯೆನಿಸಿತು. ಮೋಸ ಹೋದದ್ದೇ ಅಲ್ಲಿ. ಹಾಯೆನಿಸಿದ್ದು ಗುಂಡಿ ಇಲ್ಲವಾದ್ದರಿಂದಲೇ ಹೊರತು ಹಾಸಿಗೆ ಗಟ್ಟಿಯಾಗಿದ್ದರಿಂದಲ್ಲ. ಮೂರನೆಯ ವಾರದ ಹೊತ್ತಿಗೆ ನಡುರಾತ್ರಿ ಎಡಗೈ ಜೋಮು ಹಿಡಿದು ಎಚ್ಚರವಾಗತೊಡಗಿತು. ಮಗ್ಗುಲು ಬದಲಿಸಿದರೆ ಆ ಕಡೆಯ ಸೊಂಟದ ಮೂಳೆ ಒತ್ತುತ್ತಿತ್ತು. ಹಳೆಯ ನೋವು ಇದ್ದಲ್ಲೇ ಇತ್ತು, ಜೊತೆಗೆ ಭುಜದ ನೋವು ಹೊಸದಾಗಿ ಬಂದು ಸೇರಿತ್ತು. ಅಂಗಡಿಗೆ ಫೋನು ಮಾಡಿದರೆ ‘ಮೈ ಒಗ್ಗಬೇಕು ಸರ್, ಇನ್ನೊಂದು ತಿಂಗಳು ನೋಡಿ’ ಎಂದರು. ನೋಡಿದೆ. ಅಷ್ಟರಲ್ಲಿ ಬದಲಿಸಿಕೊಡುತ್ತೇವೆಂದಿದ್ದ 30 ದಿನಗಳ ಗಡುವು ಮುಗಿದಿತ್ತು. ರಸೀದಿಯ ಹಿಂಬದಿಯನ್ನು ಆಗ ಓದಿದೆ: ವಾಪಸು ತರುವಾಗ ಹಾಸಿಗೆಯ ಮೇಲಿನ ಪ್ಲಾಸ್ಟಿಕ್ ಹಾಗೆಯೇ ಇರಬೇಕಂತೆ! ಪ್ಲಾಸ್ಟಿಕ್ ಬಿಚ್ಚದೆ ಒಂದು ತಿಂಗಳು ಮಲಗಿ ಪರೀಕ್ಷಿಸುವ ವಿದ್ಯೆ ನನಗಂತೂ ಗೊತ್ತಿಲ್ಲ. ಇನ್ನು ವಾರಂಟಿ ಇದ್ದದ್ದು ಗುಂಡಿ ಬಿದ್ದರೆ ಮಾತ್ರ, ಅದೂ ಇಂತಿಷ್ಟು ಆಳ ಬಿದ್ದರೆ. ಹಾಸಿಗೆ ಕಲ್ಲಿನಂತಿದೆ ಎಂಬುದು ಅವರ ಲೆಕ್ಕದಲ್ಲಿ ದೋಷವಲ್ಲ, ಗುಣ.

ಕೊನೆಗೆ ಕಣ್ಣು ತೆರೆಸಿದವರು ಫಿಸಿಯೋಥೆರಪಿಸ್ಟ್. ಅವರು ಹಾಸಿಗೆಯ ಕಂಪನಿ ಯಾವುದೆಂದು ಕೇಳಲಿಲ್ಲ. ‘ಹೇಗೆ ಮಲಗುತ್ತೀರಿ, ಮಲಗಿ ತೋರಿಸಿ’ ಎಂದು ಅಲ್ಲಿದ್ದ ಗಟ್ಟಿ ಮೇಜಿನ ಮೇಲೆ ಮಗ್ಗುಲಾಗಿ ಮಲಗಿಸಿದರು. ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ತಮ್ಮ ಕೈ ತೂರಿಸಿದರು. ಅಂಗೈ ಸಲೀಸಾಗಿ ದಾಟಿ ಮಣಿಕಟ್ಟಿನವರೆಗೂ ಹೋಯಿತು. ‘ರಾತ್ರಿಯಿಡೀ ಈ ಭಾಗಕ್ಕೆ ಆಸರೆಯೇ ಇಲ್ಲ’ ಎಂದರು. ಮಗ್ಗುಲಾಗಿ ಮಲಗುವವರ ಭುಜ ಮತ್ತು ಸೊಂಟದ ಮೂಳೆ ಸ್ವಲ್ಪ ಒಳಗೆ ಇಳಿಯಬೇಕು. ಇಳಿದರೆ ಮಾತ್ರ ನಡುವಿನ ತಗ್ಗಿಗೆ ಹಾಸಿಗೆ ತಾಗಿ ಬೆನ್ನುಮೂಳೆ ನೇರವಾಗಿರುತ್ತದೆ. ಇಳಿಯದಿದ್ದರೆ ಮೈಭಾರವೆಲ್ಲ ಆ ಎರಡು ಜಾಗಗಳ ಮೇಲೆ ಬಿದ್ದು ನಡುಭಾಗ ಜೋತುಬೀಳುತ್ತದೆ. ತೀರಾ ಮೆತ್ತಗಿದ್ದರೆ ಸೊಂಟವೇ ಹೂತುಹೋಗಿ ಮೈ ತೊಟ್ಟಿಲಿನಂತೆ ಬಾಗುತ್ತದೆ. ನನ್ನ ಹಳೆಯ ಗುಂಡಿ ಹಾಸಿಗೆ ಮಾಡಿದ್ದು ಅದನ್ನೇ. ಮೈಭಾರ ಹೆಚ್ಚಿದ್ದವರು ಹೆಚ್ಚು ಇಳಿಯುತ್ತಾರೆ, ಹಗುರ ಮೈಯವರು ಇಳಿಯುವುದೇ ಇಲ್ಲ. ಹಾಗಾಗಿ ಒಬ್ಬರಿಗೆ ಹದವೆನಿಸಿದ್ದು ಇನ್ನೊಬ್ಬರಿಗೆ ಹಲಗೆ.

ಇದು ಹೊಸ ಜ್ಞಾನವೇನೂ ಅಲ್ಲ. ಬಹುಕಾಲದಿಂದ ಸೊಂಟನೋವಿದ್ದ 313 ಜನರನ್ನು ಸ್ಪೇನಿನಲ್ಲಿ ಎರಡು ಗುಂಪು ಮಾಡಿ, 90 ದಿನ ಒಂದು ಗುಂಪನ್ನು ಗಟ್ಟಿ ಹಾಸಿಗೆಯಲ್ಲೂ ಇನ್ನೊಂದನ್ನು ಮಧ್ಯಮ ಗಟ್ಟಿಯದರಲ್ಲೂ ಮಲಗಿಸಿ ನೋಡಿದ ಅಧ್ಯಯನ 2003ರಲ್ಲೇ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ನೋವು ಹೆಚ್ಚು ಇಳಿದದ್ದು ಮಧ್ಯಮದವರಿಗೆ. 1 ಎಂದರೆ ಅತಿ ಗಟ್ಟಿ, 10 ಎಂದರೆ ಅತಿ ಮೆತ್ತಗೆ ಎಂಬ ಅಳತೆಯಲ್ಲಿ ಆ ಮಧ್ಯಮ ಹಾಸಿಗೆ 5.6ರಷ್ಟಿತ್ತು, ಗಟ್ಟಿಯದು 2.3. ಆದರೆ ಅಂಗಡಿಯ ಚೀಟಿಗಳಲ್ಲಿ ಇಂಥ ಅಳತೆ ಕಾಣುವುದು ಅಪರೂಪ. ಒಬ್ಬ ತಯಾರಕನ ‘ಮೀಡಿಯಂ’ ಇನ್ನೊಬ್ಬನ ‘ಫರ್ಮ್’, ಅಂದರೆ ಗಟ್ಟಿ, ಆಗಿರಬಹುದು. ‘ಆರ್ಥೋಪೆಡಿಕ್’ ಎಂಬ ಪದವಂತೂ ಮಾರಾಟದ ಮಾತು, ವೈದ್ಯರು ಪರೀಕ್ಷಿಸಿ ಒತ್ತಿದ ಮುದ್ರೆಯಲ್ಲ.

ಸಿಟ್ಟು ತಡೆಯಲಾರದೆ ಒಂದು ಭಾನುವಾರ ಹೊದಿಕೆಯ ಜಿಪ್ ಎಳೆದು ಒಳಗೆ ನೋಡಿದೆ. ಮೇಲೆ ಬೆರಳಗಲದ ಬಿಳಿ ಫೋಮ್. ಅದರಡಿ ಗುಲಾಬಿ, ಹಳದಿ, ಬೂದು, ಹಸಿರು ಚೂರುಗಳನ್ನೆಲ್ಲ ಅಂಟು ಹಾಕಿ ಅದುಮಿದ ಒಂದು ದಿಮ್ಮಿ. ಇದಕ್ಕೆ ರಿಬಾಂಡೆಡ್ ಫೋಮ್ ಎನ್ನುತ್ತಾರೆ. ಫೋಮ್ ಕತ್ತರಿಸುವಾಗ ಉಳಿದ ತುಂಡುಗಳನ್ನು ಪುಡಿಮಾಡಿ ಒತ್ತಿ ಮಾಡುವ ವಸ್ತು. ಅದೇ ಒಂದು ಮೋಸವೆಂದು ನಾನು ಹೇಳುವುದಿಲ್ಲ. ತಳದ ಪದರವಾಗಿ ಚೆನ್ನಾಗಿಯೇ ಬಾಳುತ್ತದೆ. ಆದರೆ ಮೇಲೆ ಸಾಕಷ್ಟು ದಪ್ಪದ ಮೃದು ಪದರ ಬೇಡವೇ? ಅಂಗಡಿಯ ಹುಡುಗ ಹೆಮ್ಮೆಯಿಂದ ಹೇಳಿದ ‘ಹೈ ಡೆನ್ಸಿಟಿ’ಯೂ ಇದೇ. ಡೆನ್ಸಿಟಿ ಎಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಎಂಬುದಷ್ಟೇ. ಮೈಗೆ ಅದು ಒಗ್ಗುತ್ತದೆಯೇ ಎಂಬುದಕ್ಕೂ ಆ ಅಂಕಿಗೂ ಸಂಬಂಧವಿಲ್ಲ.

ಆದ್ದರಿಂದ ಸಂಕೋಚ ಬಿಡಿ. ಬೂಟು ಕಳಚಿ, ನೀವು ನಿದ್ದೆ ಮಾಡುವ ಭಂಗಿಯಲ್ಲೇ, ಸಾಧ್ಯವಾದರೆ ನಿಮ್ಮದೇ ದಿಂಬು ಒಯ್ದು, ಹದಿನೈದು ನಿಮಿಷ ಮಲಗಿ. ಜೊತೆಯವರಿಗೆ ಹೇಳಿ ಸೊಂಟದ ಸಂದಿಯಲ್ಲಿ ಕೈ ತೂರಿಸಿ ನೋಡಿಸಿ. ತೊಡರಿಲ್ಲದೆ ಕೈ ಹಾದುಹೋದರೆ ಆ ಹಾಸಿಗೆ ನಿಮಗೆ ಗಟ್ಟಿಯಾಯಿತು. ಎರಡು ಮೂರು ಸಲ ಹೊರಳಿ ನೋಡಿ. ಮೆಮೊರಿ ಫೋಮ್‌ನಲ್ಲಿ ಇದು ಮುಖ್ಯ, ಏಕೆಂದರೆ ಮೈಶಾಖಕ್ಕೆ ಅದು ಮೆತ್ತಗಾಗಿ ಒಳಗೆಳೆದುಕೊಳ್ಳುತ್ತದೆ. ನೋವಿರುವವರಿಗೆ ಅದರಿಂದ ಹೊರಳಿ ಏಳುವುದು ಕಷ್ಟ. ಚಳಿಯಲ್ಲಿ ಅದೇ ಫೋಮ್ ಬಿಗಿಯಾಗುತ್ತದೆ. ಮನೆಗೆ ಬಂದಮೇಲೆ ನೋವು ಹೆಚ್ಚಿದರೆ ಗಡುವಿನೊಳಗೇ ವಾಪಸು ಕಳಿಸಿ, ‘ಮೈ ಒಗ್ಗಬೇಕು’ ಎಂಬ ಮಾತಿಗೆ ಕಾಯಬೇಡಿ. ರಸೀದಿಯ ಹಿಂಬದಿಯನ್ನು ಕೊಳ್ಳುವ ಮೊದಲೇ ಓದಿ.

ಎಲ್ಲ ಸೊಂಟನೋವಿಗೂ ಹಾಸಿಗೆಯೇ ಕಾರಣ ಎಂದುಕೊಳ್ಳಬೇಡಿ. ಬೆಳಿಗ್ಗೆ ಸುಮ್ಮನಿದ್ದು, ಕೂತು ಕೆಲಸ ಮಾಡಿದ ಮೇಲೆ ಸಂಜೆ ಕಾಡುವ ನೋವಾದರೆ ಕುರ್ಚಿಯ ಕಡೆ ನೋಡಿ. ಕಾಲಿನ ಬಲ ಕುಂದುತ್ತಿದ್ದರೆ, ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಿದ್ದರೆ, ಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಅದು ಹಾಸಿಗೆಯಿಂದ ಬಗೆಹರಿಯುವ ತೊಂದರೆಯಲ್ಲ.

ನಾನು ಎರಡನೆಯ ಹಾಸಿಗೆ ಕೊಳ್ಳಲಿಲ್ಲ, ಕೊಳ್ಳುವ ಶಕ್ತಿಯೂ ಇರಲಿಲ್ಲ. ಎರಡು ಇಂಚಿನ ಮೃದುವಾದ ಮೇಲುಹಾಸು ತಂದು ಹಾಸಿದೆ, ಮಂಡಿಗಳ ನಡುವೆ ಒಂದು ದಿಂಬು ಇಟ್ಟುಕೊಂಡೆ, ಹೇಳಿಕೊಟ್ಟ ವ್ಯಾಯಾಮ ಮಾಡುತ್ತಿದ್ದೇನೆ. ಕೈ ಜೋಮು ಹಿಡಿಯುವುದು ನಿಂತಿದೆ. ಸೊಂಟ ಅರ್ಧಕ್ಕಿಂತ ಹೆಚ್ಚು ಸುಧಾರಿಸಿದೆ. ಆ ನೀಲಿ ಚೀಟಿಯನ್ನು ಕತ್ತರಿಸಿ ಎಸೆಯೋಣವೆಂದು ಕತ್ತರಿ ಹಿಡಿದೆ. ಚೀಟಿ ಕಿತ್ತರೆ ವಾರಂಟಿ ರದ್ದು ಎಂದು ಅದರ ಹಿಂದೆಯೇ ಸಣ್ಣಕ್ಷರದಲ್ಲಿ ಬರೆದಿತ್ತು. ಅದು ಇನ್ನೂ ಅಲ್ಲೇ ಇದೆ.