‘ಲೀಸಾಸ್ ಸಬ್‌ಸ್ಟಿಟ್ಯೂಟ್’: ಬದಲಿ ಮೇಷ್ಟ್ರು ಮತ್ತು ಮನೆಯ ಅಪ್ಪ

‘ದಿ ಸಿಂಪ್ಸನ್ಸ್’ ಎಂದರೆ ಹಳದಿ ಮುಖದ ದಡ್ಡ ಅಪ್ಪನೊಬ್ಬನ ಅವಾಂತರಗಳ ಕಾರ್ಟೂನು ಎಂದಷ್ಟೇ ತಿಳಿದವರು ಅದರ ಎರಡನೇ ಸೀಸನ್ನಿನ ‘ಲೀಸಾಸ್ ಸಬ್‌ಸ್ಟಿಟ್ಯೂಟ್’ ಸಂಚಿಕೆಯನ್ನು ಖಂಡಿತ ನೋಡಬೇಕು. ಜಾನ್ ವಿಟ್ಟಿ ಬರೆದು ರಿಚ್ ಮೂರ್ ನಿರ್ದೇಶಿಸಿದ ಈ ಸಂಚಿಕೆ ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ 1991ರ ಏಪ್ರಿಲ್ 25ರಂದು ಮೊದಲು ಪ್ರಸಾರವಾಯಿತು. ಅರ್ಧ ಗಂಟೆಯೂ ಇಲ್ಲದ ಅವಧಿಯಲ್ಲಿ ಮಗು, ಮೇಷ್ಟ್ರು ಮತ್ತು ತಂದೆಯ ನಡುವಿನ ಸಂಬಂಧವನ್ನು ಇಷ್ಟು ಪ್ರಾಮಾಣಿಕವಾಗಿ ಹಿಡಿದಿಟ್ಟ ಕಾರ್ಟೂನನ್ನು ನಾನು ಬೇರೆ ಕಂಡಿಲ್ಲ.

ಸಿಂಪ್ಸನ್ ಮನೆಯ ಮಗಳು, ಎರಡನೇ ತರಗತಿಯ ಲೀಸಾಳ ಟೀಚರ್ ಅನಾರೋಗ್ಯದಿಂದ ರಜೆ ಹಾಕಿದಾಗ ಬರ್ಗ್‌ಸ್ಟ್ರಾಮ್ ಎಂಬ ಬದಲಿ ಶಿಕ್ಷಕರು ಕೌಬಾಯ್ ವೇಷದಲ್ಲಿ ತರಗತಿಗೆ ನುಗ್ಗಿ, ತಮ್ಮ ವೇಷದಲ್ಲಿರುವ ತಪ್ಪುಗಳನ್ನು ಹುಡುಕುವಂತೆ ಮಕ್ಕಳಿಗೆ ಹೇಳುತ್ತಾರೆ. ಸೊಂಟಪಟ್ಟಿಯ ಬಕಲ್ ಮೇಲೆ ಟೆಕ್ಸಸ್ ರಾಜ್ಯದ ಹೆಸರಿದೆ, ಆದರೆ ಟೆಕ್ಸಸ್ ರಾಜ್ಯವಾದದ್ದೇ ಈ ವೇಷದ ಕಾಲದ ನಂತರ, 1845ರಲ್ಲಿ ಎಂದು ಲೀಸಾ ಉತ್ತರಿಸಿದಾಗ ಅವರ ಟೋಪಿ ಬಹುಮಾನವಾಗಿ ಅವಳ ಪಾಲಾಗುತ್ತದೆ. ಪುಸ್ತಕದ ಓದಿನಿಂದಾಗಿ ಮನೆಯಲ್ಲೂ ತರಗತಿಯಲ್ಲೂ ಒಂಟಿಯಾಗಿದ್ದ ಹುಡುಗಿಗೆ ತನ್ನನ್ನು ಗುರುತಿಸಿದ ಮೊದಲ ಹಿರಿಯರು ಸಿಕ್ಕಿದರೆಂಬುದನ್ನು ಆ ಒಂದು ದೃಶ್ಯವೇ ಹೇಳಿಬಿಡುತ್ತದೆ. ಬರ್ಗ್‌ಸ್ಟ್ರಾಮ್‌ಗೆ ದನಿ ನೀಡಿದವರು ಡಸ್ಟಿನ್ ಹಾಫ್‌ಮನ್, ಆದರೆ ಹೆಸರುಗಳ ಪಟ್ಟಿಯಲ್ಲಿ ಕಾಣುವುದು ಸ್ಯಾಮ್ ಎಟಿಕ್ ಎಂಬ ಹುಸಿ ಹೆಸರು.

ಮಾನಸಗಂಗೋತ್ರಿಯ ಪಕ್ಕದ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ ಸೇರಿದಂತೆ ಶಿಕ್ಷಕರನ್ನು ತಯಾರು ಮಾಡುವ ಹಲವು ಕಾಲೇಜುಗಳಿರುವ ಮೈಸೂರಿನವರಿಗೆ ಈ ಕಥೆ ಹೊಸದೇನಲ್ಲ. ಬಿ.ಎಡ್. ಪ್ರಶಿಕ್ಷಣಾರ್ಥಿಗಳು ಬೋಧನಾಭ್ಯಾಸಕ್ಕೆಂದು ಕೆಲವು ವಾರ ಶಾಲೆಗೆ ಬಂದು, ಚಾರ್ಟು ತೂಗುಹಾಕಿ, ಹಾಡಿ, ಕುಣಿಸಿ, ಕೊನೆಯ ದಿನ ಚಾಕೊಲೇಟು ಹಂಚಿ ಹೊರಟಾಗ ಆಟೋಗ್ರಾಫ್ ಹಿಡಿದು ಅಳುವ ಮಕ್ಕಳನ್ನು ಇಲ್ಲಿನ ಎಷ್ಟೋ ಶಾಲೆಗಳಲ್ಲಿ ನೋಡಬಹುದು. ಆ ಅಳುವನ್ನು ದೊಡ್ಡವರು ಎರಡು ದಿನದ ಮಾತೆಂದು ತಳ್ಳಿಹಾಕುತ್ತೇವೆ. ಈ ಸಂಚಿಕೆ ತಳ್ಳಿಹಾಕುವುದಿಲ್ಲ, ಅದೇ ಇದರ ದೊಡ್ಡತನ.

ರೈಲು ನಿಲ್ದಾಣದ ಬೀಳ್ಕೊಡುಗೆಯನ್ನು ಎಲ್ಲರೂ ಹೊಗಳುತ್ತಾರೆ. ಲೀಸಾಳಿಗಿಂತ ಹೆಚ್ಚು ಕಷ್ಟದಲ್ಲಿರುವ ಮಕ್ಕಳ ಕಡೆಗೆ ಹೊರಟ ಮೇಷ್ಟ್ರು ಕೊಟ್ಟುಹೋದ ಚೀಟಿಯಲ್ಲಿ ‘ನೀನು ಲೀಸಾ ಸಿಂಪ್ಸನ್’ ಎಂದಷ್ಟೇ ಇರುತ್ತದೆ. ದೃಶ್ಯ ಚೆನ್ನಾಗಿದೆ, ನಿಜ. ಆದರೆ ನನ್ನ ದೃಷ್ಟಿಯಲ್ಲಿ ಸಂಚಿಕೆಯ ಜೀವ ಇರುವುದು ಆಮೇಲೆ ಬರುವ, ಲೀಸಾಳ ಅಪ್ಪ ಹೋಮರ್‌ನ ದೃಶ್ಯದಲ್ಲಿ. ಮ್ಯೂಸಿಯಂ ಬಾಗಿಲಲ್ಲಿ ಇಷ್ಟವಿದ್ದಷ್ಟು ಕಾಣಿಕೆ ಕೊಡಿ ಎಂದಾಗ ಸೊನ್ನೆ ಕೊಟ್ಟರೂ ನಡೆಯುತ್ತದೆಯೇ ಎಂದು ಕೇಳಿ ಮಗಳು ತಲೆ ತಗ್ಗಿಸುವಂತೆ ಮಾಡಿದ ಅಪ್ಪ ಈತ. ಮೇಷ್ಟ್ರು ಹೋದ ದುಃಖ ಅರ್ಥವಾಗದೆ ಉಡಾಫೆಯ ಮಾತಾಡಿ, ಊಟದ ಮೇಜಿನಲ್ಲಿ ಮಗಳಿಂದ ‘ಬಬೂನ್’ ಎಂದು ಬೈಸಿಕೊಂಡವನೂ ಈತನೇ. ಹೆಂಡತಿ ಮಾರ್ಜ್ ಒತ್ತಾಯಿಸಿದ ಮೇಲೆ ಮಗಳ ಕೋಣೆಗೆ ಹೋಗಿ, ತನಗೆ ಮುಖ್ಯರಾದವರೆಲ್ಲ ಇದೇ ಸೂರಿನಡಿ ಇರುವುದರಿಂದ ಅಗಲಿಕೆಯ ನೋವು ತನಗೆ ತಿಳಿಯದೆಂದು ಒಪ್ಪಿಕೊಳ್ಳುತ್ತಾನೆ. ಅವಳ ಗೊಂಬೆಮನೆ ರಿಪೇರಿ ಮಾಡಿಕೊಡುತ್ತೇನೆಂದು ಹೇಳಿ, ಬೈಗುಳವನ್ನೇ ಆಟವಾಗಿಸಿ ಕೋತಿಯಂತೆ ಕಿರುಚುತ್ತಾನೆ. ಲೀಸಾ ನಗುತ್ತಾಳೆ, ಕ್ಷಮೆಯನ್ನೂ ಕೇಳುತ್ತಾಳೆ. ಉಪದೇಶ ಬಾರದ ತಂದೆ ತನ್ನಲ್ಲಿದ್ದ ಒಂದೇ ವಿದ್ಯೆಯಿಂದ ಮಗಳನ್ನು ಮರಳಿ ಪಡೆಯುವ ಈ ಎರಡು ನಿಮಿಷ ನೋಡಿದಾಗಲೆಲ್ಲ ನನ್ನ ಗಂಟಲು ಬಿಗಿಯುತ್ತದೆ.

ಲೀಸಾಳ ಅಣ್ಣ ಬಾರ್ಟ್‌ನ ಉಪಕಥೆ ಇದರ ಮುಂದೆ ಸಪ್ಪೆ. ತರಗತಿಯ ಅಧ್ಯಕ್ಷಗಿರಿಗೆ ನಿಂತ ಬಾರ್ಟ್‌ಗೆ ಎಲ್ಲರೂ ಜೈಕಾರ ಹಾಕುತ್ತಾರೆ, ಮತ ಹಾಕಲು ಮಾತ್ರ ಮರೆಯುತ್ತಾರೆ. ಹೀಗಾಗಿ ಎದುರಾಳಿ ಮಾರ್ಟಿನ್ ಎರಡೇ ಮತಗಳಿಂದ ಗೆಲ್ಲುತ್ತಾನೆ. 2019ರ ಲೋಕಸಭಾ ಚುನಾವಣೆಯಲ್ಲಿ ಶೇಕಡಾ 80 ದಾಟಿ ಮತ ಹಾಕಿದ ಮಂಡ್ಯದವರಿಗಂತೂ ಇದು ನಂಬಲಾಗದ ಫಲಿತಾಂಶ. ಶಾಲಾ ಸಂಸತ್ತಿನ ಚುನಾವಣೆ ನಡೆಸುವ ಶಿಕ್ಷಕರು ಮಕ್ಕಳಿಗೆ ಈ ಭಾಗವನ್ನಷ್ಟೇ ತೋರಿಸಿದರೂ ಸಾರ್ಥಕ. ಬರ್ಗ್‌ಸ್ಟ್ರಾಮ್‌ರಲ್ಲಿ ಒಂದು ಕುಂದೂ ಕಾಣದಂತೆ ಬರೆದಿರುವುದು ಇನ್ನೊಂದು ಕೊರತೆ.

ಸಂಭಾಷಣೆ ವೇಗವಾಗಿ ಸಾಗುವುದರಿಂದ ಸಬ್‌ಟೈಟಲ್ ಹಾಕಿಕೊಂಡು ನೋಡುವುದು ಒಳ್ಳೆಯದು. ಬಾರ್ಟ್‌ನ ಟೀಚರ್ ಬರ್ಗ್‌ಸ್ಟ್ರಾಮ್‌ರನ್ನು ಒಲಿಸಿಕೊಳ್ಳಲು ಯತ್ನಿಸುವ ಸಣ್ಣ ದೃಶ್ಯವೊಂದು ದೊಡ್ಡವರಿಗಾಗಿ ಇದೆಯಾದ್ದರಿಂದ, ಹೈಸ್ಕೂಲ್ ಮೆಟ್ಟಿಲೇರಿದ ಮಕ್ಕಳೊಂದಿಗೆ ನೋಡಲು ಇದು ಹೆಚ್ಚು ಸೂಕ್ತ. ಸಾಧ್ಯವಾದರೆ ಅಪ್ಪಂದಿರೂ ಜೊತೆಗೆ ಕೂರಲಿ.